ಬಚ್ಚಲುಮನೆಯ ಗಾಜಿನ ಬಾಗಿಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದುದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಕೋಲಾರದ ಹೊರವಲಯದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಬಚ್ಚಲುಮನೆಯ ಅಗಲ 5 ಅಡಿ, ಉದ್ದ 8 ಅಡಿ. ಸ್ನಾನದ ಜಾಗವನ್ನು ಫ್ರೇಮ್ ಇಲ್ಲದ ಗಾಜಿನಿಂದ ಬೇರ್ಪಡಿಸಬೇಕೆಂದಿದ್ದೇವೆ. ಒಬ್ಬ ಅಂಗಡಿಯವರು 12 ಮಿ.ಮೀ. ಗಾಜನ್ನೇ ಹಾಕಿಸಿ ಎನ್ನುತ್ತಾರೆ, ಮತ್ತೊಬ್ಬರು 8 ಮಿ.ಮೀ. ಸಾಕು ಎನ್ನುತ್ತಾರೆ. ಹಿಂಜ್‌ಗಳ ಬೆಲೆಯಲ್ಲಂತೂ ಮೂರು ಪಟ್ಟು ಅಂತರವಿದೆ. ಎಲ್ಲಿ ಹಣ ಹಾಕಬೇಕು, ಎಲ್ಲಿ ಉಳಿಸಬಹುದು? ಟೈಲ್ಸ್ ಕೆಲಸ ಇನ್ನೂ ಆಗಿಲ್ಲ. ಗಾಜಿಗೆ ಈಗಲೇ ಆರ್ಡರ್ ಕೊಡಬಹುದೇ?
— ಓದುಗರು, ಕೋಲಾರ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ಎಡವಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಟೈಲ್ಸ್ ಕೂತು, ಸಂದುಗಳ ಗ್ರೌಟ್ ಒಣಗಿ, ಹೊಸ್ತಿಲ ಕಲ್ಲು ತನ್ನ ಜಾಗದಲ್ಲಿ ನಿಲ್ಲುವ ತನಕ ಗಾಜಿಗೆ ಆರ್ಡರ್ ಕೊಡಬೇಡಿ. ಇಂಥ ಬಾಗಿಲಿಗೆ ಬಳಸುವುದು ಟಫನ್ಡ್ ಗಾಜು. ಸಾಮಾನ್ಯ ಗಾಜನ್ನು ಬೇಕಾದ ಅಳತೆಗೆ ಕತ್ತರಿಸಿ, ಅಂಚು ಉಜ್ಜಿ, ಹಿಂಜ್ ಮತ್ತು ಹಿಡಿಕೆಗೆ ಬೇಕಾದ ತೂತು, ಕಚ್ಚುಗಳನ್ನೆಲ್ಲ ಕೊರೆದು, ಆಮೇಲೆ 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ಎರಡೂ ಮಗ್ಗುಲಿಂದ ಗಾಳಿ ಹೊಡೆದು ಥಟ್ಟನೆ ತಣಿಸಿದಾಗ ಹೊರಮೈ ಬಿಗಿದುಕೊಂಡು ಅದು ನಾಲ್ಕೈದು ಪಟ್ಟು ಗಟ್ಟಿಯಾಗುತ್ತದೆ. ಕುಲುಮೆಯಿಂದ ಹೊರಬಂದ ಮೇಲೆ ಅದಕ್ಕೆ ಇನ್ನೊಂದು ತೂತು ಕೊರೆಯುವಂತಿಲ್ಲ, ಅಂಚಿನಲ್ಲಿ ಒಂದು ನೂಲಿನಷ್ಟು ಕೂಡ ತೆಗೆಯುವಂತಿಲ್ಲ. ಕೈ ಹಾಕಿದರೆ ಇಡೀ ಗಾಜು ಪುಡಿಯಾಗುತ್ತದೆ.

ಇದನ್ನು ನಾನು ನನ್ನ ಮನೆಯಲ್ಲೇ ಅನುಭವಿಸಿದ್ದೇನೆ. ಗೋಡೆಗೆ ಗಾರೆಯಷ್ಟೇ ಆಗಿದ್ದಾಗ ಗಾಜಿನವರು ಬಂದು ಅಳತೆ ತೆಗೆದುಕೊಂಡು, ‘ಟೈಲ್ಸ್‌ಗೆ ಅರ್ಧ ಇಂಚು ಬಿಟ್ಟಿದ್ದೀನಿ ಸಾರ್’ ಎಂದು ಹೇಳಿ ಹೋದರು. ಆಮೇಲೆ ಟೈಲ್ಸ್ ಮೇಸ್ತ್ರಿ ಗೋಡೆಯ ಡೊಂಕು ಮುಚ್ಚಲು ಕೆಳಭಾಗದಲ್ಲಿ ಸಿಮೆಂಟನ್ನು ದಪ್ಪಗೆ ಮೆತ್ತಿದರು. ಗಾಜು ಬಂದು ನಿಂತಾಗ ಮೇಲ್ಗಡೆ ಬೆರಳು ತೂರುವಷ್ಟು ಸಂದು, ಕೆಳಗಡೆ ಗಾಜಿನ ಮೂಲೆ ಟೈಲ್ಸಿಗೆ ತಾಗಿಕೊಂಡಿತ್ತು. ಸರಿಪಡಿಸಲು ದಾರಿಯೇ ಇರಲಿಲ್ಲ. ಎರಡನೆಯ ಗಾಜಿಗೆ ಮತ್ತೆ ಪೂರ್ತಿ ಹಣ ತೆತ್ತೆವು.

ಆದ್ದರಿಂದ ಟೈಲ್ಸ್ ಮುಗಿದ ಮೇಲೆ ಗಾಜು ನಿಲ್ಲುವ ಎರಡೂ ಗೋಡೆಗಳಿಗೆ ನೀವೇ ಎದುರು ನಿಂತು ತೂಗುಗುಂಡು ಬಿಡಿಸಿ ನೋಡಿ. ದಾರಕ್ಕೂ ಗೋಡೆಗೂ ನಡುವಿನ ಅಂತರ ಆರೂವರೆ ಅಡಿ ಎತ್ತರದಲ್ಲಿ ಎಷ್ಟಿದೆ, ನೆಲದ ಹತ್ತಿರ ಎಷ್ಟಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಮೂರು ನಾಲ್ಕು ಮಿ.ಮೀ. ವ್ಯತ್ಯಾಸವನ್ನು ಸಿಲಿಕೋನ್ ಮತ್ತು ರಬ್ಬರ್ ಪಟ್ಟಿ ಮುಚ್ಚಿಕೊಳ್ಳುತ್ತವೆ. ಅದಕ್ಕಿಂತ ಹೆಚ್ಚಿದ್ದರೆ ಗೋಡೆಯ ಓರೆಗೆ ಸರಿಯಾಗಿ ಗಾಜಿನ ಅಂಚನ್ನೇ ಓರೆಯಾಗಿ ಕತ್ತರಿಸಲು ಹೇಳಬೇಕು. ಬಲ್ಲ ಗಾಜಿನವರು ಇದನ್ನು ಕೇಳದೆಯೇ ಮಾಡುತ್ತಾರೆ. ಅಗಲವನ್ನು ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಕಡೆ ಅಳೆಯದೆ ಒಂದೇ ಕಡೆ ಟೇಪ್ ಹಿಡಿದು ಹೊರಡುವವರಿಗೆ ಕೆಲಸ ಒಪ್ಪಿಸಬೇಡಿ.

ಇನ್ನು ದಪ್ಪದ ಮಾತು. ಗಾಜು ಪ್ರತಿ ಮಿ.ಮೀ. ದಪ್ಪಕ್ಕೆ ಒಂದು ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. ನಿಮ್ಮ 5 ಅಡಿಯಲ್ಲಿ 32 ಇಂಚು ಅಲುಗದ ಗಾಜು, 28 ಇಂಚು ಬಾಗಿಲು ಎಂದು ಪಾಲು ಮಾಡಿ, ಎತ್ತರ ಆರೂವರೆ ಅಡಿ ಇಟ್ಟರೆ, ಬಾಗಿಲೊಂದೇ 8 ಮಿ.ಮೀ. ಗಾಜಿನಲ್ಲಿ ಸುಮಾರು 28 ಕಿಲೋ, 10 ಮಿ.ಮೀ.ನಲ್ಲಿ 35 ಕಿಲೋ, 12 ಮಿ.ಮೀ.ನಲ್ಲಿ 42 ಕಿಲೋ ಆಗುತ್ತದೆ. ಈ ಅಗಲದ ಬಾಗಿಲಿಗೆ 8 ಮಿ.ಮೀ. ಟಫನ್ಡ್ ಗಾಜು ಧಾರಾಳವಾಗಿ ಸಾಕು. ತೆರೆದು ಮುಚ್ಚುವಾಗ ಅದು ಸ್ವಲ್ಪ ಕಂಪಿಸುತ್ತದೆ ಎಂಬುದು ನಿಜ. ಅಲುಗಾಟ ಬೇಡವೆನ್ನುವವರು 10ಕ್ಕೆ ಹೋಗಲಿ. 12 ಮಿ.ಮೀ.ಗೆ ನಾನು ಒಪ್ಪುವುದಿಲ್ಲ. ಹೆಚ್ಚಿನ ತೂಕವನ್ನು ದಿನವೂ ಹೊರಬೇಕಾದದ್ದು ಎರಡು ಹಿಂಜ್ ಮತ್ತು ಗೋಡೆಯೊಳಗಿನ ನಾಲ್ಕೈದು ಸ್ಕ್ರೂಗಳು. ಗಾಜಿನ ದಪ್ಪಕ್ಕೆ ಕೊಡುವ ಹಣವನ್ನು ಹಿಂಜ್‌ಗೆ ಕೊಡಿ ಎಂಬುದೇ ನನ್ನ ಸಲಹೆ.

ಹಿಂಜ್ ಮೇಲಿನ ಭಾರ ಬರೀ ತೂಕದಿಂದ ಬರುವುದಲ್ಲ, ಅಗಲದಿಂದಲೂ ಬರುತ್ತದೆ. ಬಾಗಿಲು ತೂಗಿದಾಗ ಮೇಲಿನ ಹಿಂಜನ್ನು ಗೋಡೆಯಿಂದ ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಗೋಡೆಗೆ ಒತ್ತುತ್ತದೆ. ಎರಡು ಹಿಂಜ್‌ಗಳ ನಡುವೆ ಒಂದೂವರೆ ಮೀಟರ್ ಇದೆ ಎಂದಿಟ್ಟುಕೊಂಡರೆ, 8 ಮಿ.ಮೀ. ಗಾಜಿನ 28 ಇಂಚಿನ ಬಾಗಿಲು ಮೇಲಿನ ಹಿಂಜನ್ನು ಸುಮಾರು ಆರೂವರೆ ಕಿಲೋ ಭಾರದಷ್ಟು ಎಳೆಯುತ್ತದೆ; ಅದೇ ಗಾಜಿನ 36 ಇಂಚಿನ ಬಾಗಿಲಾದರೆ ಆ ಎಳೆತ 11 ಕಿಲೋಗೆ ಏರುತ್ತದೆ. ಆದ್ದರಿಂದ ಬಾಗಿಲನ್ನು ಓಡಾಡಲು ಬೇಕಾದಷ್ಟೇ ಅಗಲ ಇಟ್ಟು, ಉಳಿದದ್ದನ್ನು ಅಲುಗದ ಗಾಜಿಗೆ ಬಿಡುವುದು ಜಾಣತನ. ಬಾಗಿಲನ್ನು ಅಲುಗದ ಗಾಜಿಗೆ ನೇತುಹಾಕುವುದಕ್ಕಿಂತ ಗೋಡೆಗೆ ನೇತುಹಾಕುವುದು ಒಳ್ಳೆಯದು. ಅಲುಗದ ಗಾಜಿನ ಮೇಲ್ತುದಿಯಿಂದ ಗೋಡೆಗೆ ಒಂದು ಅಡ್ಡಸರಳು ಹಾಕಿಸಲು ಮರೆಯಬೇಡಿ.

ಅಂಗಡಿಯಲ್ಲಿ ಅಗ್ಗದ ಹಿಂಜ್ ಒಂದನ್ನು, ದುಬಾರಿಯದೊಂದನ್ನು ಎರಡು ಕೈಯಲ್ಲಿ ಹಿಡಿದು ನೋಡಿ. ಅಗ್ಗದ್ದು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕ. ಒಂದೇ ಗಾತ್ರದಲ್ಲಿ ಅದು ಹಿತ್ತಾಳೆಯದಕ್ಕಿಂತ ಹಗುರ. ಎರಡರ ಮೇಲೂ ಕ್ರೋಮ್ ಲೇಪ ಒಂದೇ ರೀತಿ ಹೊಳೆಯುವುದರಿಂದ ಕಣ್ಣಿಗೆ ಭೇದ ತಿಳಿಯದು, ಅಯಸ್ಕಾಂತವೂ ಎರಡಕ್ಕೂ ಅಂಟದು. ಅಂಗೈಗೆ ಮಾತ್ರ ತೂಕ ತಿಳಿಯುತ್ತದೆ. ಆಮೇಲೆ ಅದರ ಫಲಕ ಬಿಚ್ಚಿಸಿ ಒಳಗೆ ನೋಡಿ. ಗಾಜಿಗೂ ಲೋಹಕ್ಕೂ ನಡುವೆ ಕೂರುವ ಗ್ಯಾಸ್ಕೆಟ್ ಫಲಕದ ಪೂರ್ತಿ ಅಗಲಕ್ಕಿರಬೇಕು, ಸ್ಕ್ರೂ ಹಾಯುವ ತೂತಿನೊಳಗೂ ತೋಳಿನಂಥ ಪ್ಲಾಸ್ಟಿಕ್ ಕವಚವಿರಬೇಕು. ಲೋಹ ಗಾಜಿಗೆ ನೇರವಾಗಿ ತಾಗಿದ ಜಾಗವೇ ಮುಂದೆ ಬಿರುಕಿನ ಹುಟ್ಟೂರು. ಪೆಟ್ಟಿಗೆಯ ಮೇಲೆ ಎಷ್ಟು ದಪ್ಪದ ಗಾಜಿಗೆ, ಎಷ್ಟು ಅಗಲಕ್ಕೆ, ಒಂದು ಜೊತೆಗೆ ಎಷ್ಟು ಕಿಲೋ ಎಂದು ಬರೆದಿರುತ್ತದೆ. ನಿಮ್ಮ ಬಾಗಿಲಿನ ತೂಕಕ್ಕಿಂತ ಸಾಕಷ್ಟು ಮೇಲಿನದನ್ನೇ ಕೊಳ್ಳಿ, ಹಾಗೆ ಬರೆದಿಲ್ಲದ್ದನ್ನು ಮುಟ್ಟಬೇಡಿ. ಸ್ಟೀಲಿನದು ಕೊಳ್ಳುವಿರಾದರೆ 304 ದರ್ಜೆ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನೋಟಕ್ಕೆ ಹಾಗೆಯೇ ಇರುವ 202 ದರ್ಜೆಯಲ್ಲಿ ನಿಕಲ್ ಕಡಿಮೆ. ಬಚ್ಚಲಿನ ತೇವಕ್ಕೆ ಬೇಗ ಕಂದು ಚುಕ್ಕೆ ಬೀಳುತ್ತದೆ.

ಗೋಡೆಯ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಮಾಲೂರು ಇಟ್ಟಿಗೆಯ ಗೋಡೆಯಾಗಲಿ, ಸಾಲಿಡ್ ಬ್ಲಾಕ್ ಗೋಡೆಯಾಗಲಿ ಸ್ಕ್ರೂವನ್ನು ಚೆನ್ನಾಗಿ ಹಿಡಿಯುತ್ತದೆ. ಹಾಲೋ ಬ್ಲಾಕ್ ಅಥವಾ ಹಗುರ ಬ್ಲಾಕ್ ಆಗಿದ್ದರೆ ಹಿಂಜ್ ಬರುವ ಎರಡು ಜಾಗಗಳಲ್ಲಿ ಟೈಲ್ಸ್‌ಗೆ ಮುಂಚೆಯೇ ಕಾಂಕ್ರೀಟ್ ತುಂಬಿಸಿಡಿ. ನಿಮ್ಮ ಕೆಲಸ ಆ ಹಂತದಲ್ಲೇ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಟೈಲ್ಸ್ ಕೊರೆದಾಗ ಒಳಗಿನ ವಾಟರ್‌ಪ್ರೂಫಿಂಗ್ ಪದರವೂ ತೂತಾಗುವುದರಿಂದ ಸ್ಕ್ರೂ ಹಾಕುವ ಮುನ್ನ ಪ್ರತಿ ತೂತಿಗೂ ಸಿಲಿಕೋನ್ ತುಂಬಿಸಬೇಕು.

ಪ್ರಶ್ನೆ: ಗಾಜಿನ ಬಾಗಿಲು ಹಾಕಿಸಿ ಒಂದು ವರ್ಷವೂ ಆಗಿಲ್ಲ, ಗಾಜೆಲ್ಲ ಬಿಳಿ ಬಿಳಿ. ನಮ್ಮದು ಬೋರ್‌ವೆಲ್ ನೀರು. ಟಾಯ್ಲೆಟ್ ಆಸಿಡ್ ಹಾಕಿ ತೊಳೆದೆವು. ಗಾಜು ಸ್ವಲ್ಪ ತಿಳಿಯಾಯಿತು, ಹಿಂಜಿನ ಹೊಳಪು ಹೋಗಿ ಕಪ್ಪು ಚುಕ್ಕೆಗಳಾದವು. ಕಲೆ ಹತ್ತದ ಲೇಪದ ಗಾಜು ಬರುತ್ತದಂತೆ, ಅದನ್ನು ಹಾಕಿಸೋಣವೇ?
— ಓದುಗರು, ಚಿಂತಾಮಣಿ

ಉತ್ತರ: ದಯವಿಟ್ಟು ಆಸಿಡ್ ಹಾಕುವುದನ್ನು ಇಂದೇ ನಿಲ್ಲಿಸಿ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮ್ ಲೇಪವನ್ನು ತಿನ್ನುತ್ತದೆ, ಸ್ಟೀಲಿನ ಮೇಲೆ ಚುಕ್ಕೆ ಕೊರೆಯುತ್ತದೆ, ಟೈಲ್ಸ್ ಸಂದಿನ ಗ್ರೌಟನ್ನೂ ಕರಗಿಸುತ್ತದೆ. ಅದು ಬ್ಲೀಚಿಂಗ್ ಪುಡಿಯ ಜೊತೆ ಸೇರಿದರಂತೂ ಮುಚ್ಚಿದ ಬಚ್ಚಲಿನಲ್ಲಿ ಕ್ಲೋರಿನ್ ಅನಿಲ ಎದ್ದು ಪ್ರಾಣಕ್ಕೇ ಅಪಾಯ.

ನಿಮ್ಮ ಗಾಜಿನ ಮೇಲಿರುವುದು ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳ ಆಳದ ಕೊಳವೆಬಾವಿಗಳಲ್ಲಿ ಗಡಸು ನೀರು ಸಾಮಾನ್ಯ. ಹನಿ ಒಣಗಿದಾಗ ನೀರು ಹೋಗಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಉಳಿಕೆ ಗಾಜಿಗೆ ಅಂಟಿಕೊಳ್ಳುತ್ತದೆ. ಬಿಸಿನೀರಾದರೆ ಇನ್ನೂ ಬೇಗ. ಗೀಸರಿನ ಕಾಯಿಲ್ ಮೇಲೆ ಪದರ ಕಟ್ಟುವುದೂ ಇದೇ. ಇದಕ್ಕೆ ಬೇಕಾದದ್ದು ಸೌಮ್ಯ ಹುಳಿ. ಹುಣಸೆಹಣ್ಣಿನಿಂದ ತಾಮ್ರದ ಹಂಡೆ ತಿಕ್ಕುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ, ಕರಗಿಸುವ ಗುಣ ಇಲ್ಲಿಯೂ ಅದೇ; ಆದರೆ ಗಾಜಿಗೆ ಹುಣಸೆಯ ನಾರು, ಬಣ್ಣ ಬೇಡ. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ, ಬಟ್ಟೆ ಅದ್ದಿ, ಆ ಬಟ್ಟೆಯನ್ನೇ ಗಾಜಿಗೆ ಅಂಟಿಸಿ ಹತ್ತು ನಿಮಿಷ ಬಿಡಿ. ಬಟ್ಟೆ ತೆಗೆದಾಗ ಬೆರಳಿಗೆ ಮೊದಲು ಒರಟಾಗಿದ್ದ ಜಾಗ ಜಾರುವಷ್ಟು ನುಣುಪಾಗಿರುತ್ತದೆ. ಆಗ ತೊಳೆದು ಒರೆಸಿ. ಹಿಂಜ್ ಮೇಲೆ ವಿನೆಗರ್ ನಿಲ್ಲಲು ಬಿಡಬೇಡಿ. ಮಾರ್ಬಲ್ ಅಥವಾ ಕಡಪ ಕಲ್ಲಿನ ಮೇಲೆ ಬೀಳಲು ಬಿಡಲೇಬೇಡಿ. ಅವೂ ಸುಣ್ಣದ ಜಾತಿಯ ಕಲ್ಲುಗಳೇ ಆದ್ದರಿಂದ ಹೊಳಪು ಕಳೆದುಕೊಳ್ಳುತ್ತವೆ. ಎರಡು ಮೂರು ಸಲ ಹೀಗೆ ಮಾಡಿದರೂ ಮಬ್ಬು ಹೋಗದಿದ್ದರೆ ಅದು ಮೇಲೆ ಕೂತ ಕಲೆಯಲ್ಲ, ಗಾಜಿನ ಮೈಯೇ ಸವೆದಿದೆ ಎಂದರ್ಥ. ಸೀರಿಯಂ ಆಕ್ಸೈಡ್ ಪುಡಿಯಿಂದ ಪಾಲಿಶ್ ಮಾಡುವವರ ಕೈಗೆ ಒಪ್ಪಿಸುವುದೊಂದೇ ದಾರಿ.

ಲೇಪದ ಗಾಜು ನೀರನ್ನು ಹರಡಲು ಬಿಡದೆ ಮಣಿಗಳಾಗಿಸಿ ಜಾರಿಸುತ್ತದೆ. ಅದರಿಂದ ಒರೆಸುವುದು ಸುಲಭವಾಗುತ್ತದೆ, ಆದರೆ ಒರೆಸದೆ ಬಿಟ್ಟರೆ ಆ ಮಣಿಗಳೂ ಒಣಗಿ ಬಿಳಿ ಚುಕ್ಕೆಗಳೇ ಆಗುತ್ತವೆ, ಲೇಪವೂ ಕಾಲಕ್ರಮದಲ್ಲಿ ಸವೆಯುತ್ತದೆ. ಬಚ್ಚಲಿನ ಮೊಳೆಗೆ ಒಂದು ರಬ್ಬರ್ ವೈಪರ್ ತೂಗುಹಾಕಿ, ಕೊನೆಗೆ ಸ್ನಾನ ಮಾಡಿದವರು ಮೇಲಿನಿಂದ ಕೆಳಕ್ಕೆ ನಾಲ್ಕು ಸಲ ಎಳೆದು ಬರಲಿ. ನಾನು ಬಲ್ಲ ಮನೆಗಳಲ್ಲಿ ಗಾಜು ತಿಳಿಯಾಗಿ ಉಳಿದಿರುವುದು ಹೀಗೆ ಮಾಡುವ ಮನೆಗಳಲ್ಲೇ. ಇದರ ಜೊತೆಗೆ ನೀರನ್ನು ಪರೀಕ್ಷೆಗೆ ಕೊಡಿ. ಕುಡಿಯುವ ನೀರಿನ ಭಾರತೀಯ ಮಾನಕ, ಐ.ಎಸ್. 10500, ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪಿತ ಮಿತಿ ಎಂದೂ ಬೇರೆ ನೀರಿಲ್ಲದಾಗ 600ರವರೆಗೆ ಸಹ್ಯ ಎಂದೂ ಹೇಳುತ್ತದೆ. ನಿಮ್ಮದು 600ರ ಆಸುಪಾಸಿನಲ್ಲಿದ್ದರೆ ಗಾಜಿನ ಲೇಪಕ್ಕೆ ಕೊಡುವ ಹಣವನ್ನು ಉಪ್ಪು ಹಾಕಿ ನಡೆಸುವ ವಾಟರ್ ಸಾಫ್ಟ್‌ನರ್‌ಗೆ ಕೂಡಿಡಿ. ಗೀಸರ್, ನಲ್ಲಿ, ಬಟ್ಟೆ ಯಂತ್ರ ಎಲ್ಲವೂ ಬಾಳುತ್ತವೆ. ಹೊಸ ಹಿಂಜ್ ಕೊಳ್ಳುವಾಗ ಕಪ್ಪು ಬಣ್ಣದ್ದನ್ನು ಆರಿಸಬೇಡಿ. ಚಿತ್ರದಲ್ಲಿ ಅದು ಬಹಳ ಚೆಂದ, ಆದರೆ ನಮ್ಮ ನೀರಿಗೆ ವಾರದೊಳಗೆ ಬೂದಿ ಬಳಿದಂತಾಗುತ್ತದೆ. ಗೀರುಗೀರಾದ ಮಾಸಲು ಸ್ಟೀಲ್ ಮೈ ಕಲೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಮರೆಸುತ್ತದೆ.

ಪ್ರಶ್ನೆ: ಬಾಗಿಲಿನ ಕೆಳಗಿಂದ ನೀರು ಹೊರಗೆ ಬರುತ್ತದೆ. ಗಾಜಿನವರು ರಬ್ಬರ್ ಪಟ್ಟಿ ಎರಡು ಸಲ ಬದಲಿಸಿದರೂ ನಿಂತಿಲ್ಲ.
— ಓದುಗರು, ತಿಪಟೂರು

ಉತ್ತರ: ಪಟ್ಟಿಯ ಮೇಲೆ ತಪ್ಪು ಹೊರಿಸುವ ಮೊದಲು ನೆಲ ನೋಡಿ. ಬಾಗಿಲು ಆಡಲು ಕೆಳಗೆ ಸುಮಾರು 10 ಮಿ.ಮೀ. ಸಂದು ಇರಲೇಬೇಕು, ಪಟ್ಟಿ ಚಿಮ್ಮುವ ಹನಿಯನ್ನು ತಡೆಯಬಲ್ಲುದೇ ಹೊರತು ಹರಿದು ಬರುವ ನೀರನ್ನಲ್ಲ. ಬಾಗಿಲಿನ ಬಳಿ ಒಂದು ಚೊಂಬು ನೀರು ಸುರಿದು ನೋಡಿ. ಅದು ಜಾಲಿಯ ಕಡೆಗೆ ಓಡದೆ ಅಲ್ಲೇ ನಿಂತರೆ ನೆಲಕ್ಕೆ ವಾಟ ಸಾಲದು ಎಂದು ತಿಳಿಯಿರಿ. ಒಂದು ಮೀಟರಿಗೆ 10ರಿಂದ 12 ಮಿ.ಮೀ. ಇಳಿಜಾರು ಬೇಕು. ನೆಲ ಒಡೆಯಲು ಮನಸ್ಸಿಲ್ಲದಿದ್ದರೆ ಗಾಜಿನ ಸಾಲಿಗೆ ಗ್ರಾನೈಟಿನ ತೆಳು ಹೊಸ್ತಿಲು ಅಂಟಿಸಿ, ಅದರ ಮೇಲ್ಮೈ ಒಳಗಡೆಗೆ ತುಸು ಬಾಗಿರುವಂತೆ ನೋಡಿಕೊಳ್ಳಿ. ಬಾಗಿಲನ್ನು ಅದಕ್ಕೆ ತಕ್ಕಂತೆ ಮೇಲೆತ್ತಲು ಆಗದಿದ್ದರೆ ಹೊಸ್ತಿಲನ್ನು ಬಾಗಿಲಿನ ಒಳಮಗ್ಗುಲಿಗೆ ಕೂರಿಸಬೇಕು, ಆಗ ಬಾಗಿಲು ಹೊರಕ್ಕೆ ಮಾತ್ರ ತೆರೆಯುತ್ತದೆ. ಶವರ್ ಬಾಗಿಲಿಗೆ ಎದುರಾಗಿದ್ದರೆ ಅದನ್ನೂ ಗೋಡೆಯ ಕಡೆಗೆ ತಿರುಗಿಸಿ.

ಪ್ರಶ್ನೆ: ನಮ್ಮ ಪಕ್ಕದ ಮನೆಯ ಗಾಜಿನ ಬಾಗಿಲು ರಾತ್ರಿ ಯಾರೂ ಮುಟ್ಟದಿದ್ದರೂ ಸಿಡಿದು ಪುಡಿಯಾಯಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಹಾಕಿಸಲು ಭಯವಾಗುತ್ತಿದೆ.
— ಓದುಗರು, ತುಮಕೂರು

ಉತ್ತರ: ನಿಮ್ಮ ಭಯ ಸಹಜ, ಅದಕ್ಕೆ ಕಾರಣವೂ ಇದೆ, ಪರಿಹಾರವೂ ಇದೆ. ಗಾಜು ತಯಾರಾಗುವಾಗ ಅಪರೂಪಕ್ಕೆ ನಿಕಲ್ ಸಲ್ಫೈಡ್‌ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣವೊಂದು ಒಳಗೆ ಸೇರಿಕೊಂಡಿರುತ್ತದೆ. ಥಟ್ಟನೆ ತಣಿಸಿದಾಗ ಕುಗ್ಗಿದ ರೂಪದಲ್ಲೇ ಸಿಕ್ಕಿಬಿದ್ದ ಆ ಕಣ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನಿಧಾನವಾಗಿ ಹಿಗ್ಗಿ, ಎಳೆತದಲ್ಲಿರುವ ಗಾಜಿನ ನಡುಪದರವನ್ನು ಬಿರಿಯಿಸುತ್ತದೆ. ಆರ್ಡರ್ ಕೊಡುವಾಗಲೇ ಹೀಟ್ ಸೋಕ್ ಮಾಡಿಸಿದ ಗಾಜು ಬೇಕೆಂದು ಕೇಳಿ. ಟಫನ್ ಮಾಡಿದ ಗಾಜನ್ನು ಮತ್ತೆ ಸುಮಾರು 290 ಡಿಗ್ರಿ ಶಾಖದಲ್ಲಿ ಕೆಲವು ಗಂಟೆ ಇಟ್ಟರೆ ಇಂಥ ಕಣವಿರುವ ಗಾಜುಗಳಲ್ಲಿ ಹೆಚ್ಚಿನವು ಕಾರ್ಖಾನೆಯಲ್ಲೇ ಒಡೆದುಹೋಗುತ್ತವೆ. ಬೆಲೆ ಸ್ವಲ್ಪ ಹೆಚ್ಚು, ಮಕ್ಕಳಿರುವ ಮನೆಯಲ್ಲಿ ಈ ಹಣ ಉಳಿಸಬೇಡಿ.

ಆದರೆ ನಾನು ನೋಡಿದ ಒಡೆದ ಬಾಗಿಲುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಬೇರೆಯೇ ಇತ್ತು. ಸಾಗಿಸುವಾಗಲೋ ನಿಲ್ಲಿಸುವಾಗಲೋ ಮೂಲೆಯನ್ನು ಬರಿ ನೆಲಕ್ಕೆ ಊರಿದಾಗ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿರುತ್ತದೆ, ಅದರ ಮೇಲೆ ಪಟ್ಟಿ ಹಾಕಿ ಮುಚ್ಚಿರುತ್ತಾರೆ. ಗಾಜು ಬಂದ ದಿನ ಜೋಡಿಸುವ ಮುನ್ನ ಬೆಳಕಿಗೆ ಹಿಡಿಸಿ ನಾಲ್ಕೂ ಅಂಚುಗಳನ್ನೂ ಪ್ರತಿ ತೂತಿನ ಬಾಯನ್ನೂ ನೋಡಿ, ಚಕ್ಕೆಯಿದ್ದರೆ ಹಿಂದಕ್ಕೆ ಕಳಿಸಿ. ಮೂಲೆಯಲ್ಲಿ ಅಳಿಸಲಾಗದ ಐ.ಎಸ್. 2553 ಮುದ್ರೆ ಇರಬೇಕು. ಸರಿಯಾದ ಟಫನ್ಡ್ ಗಾಜು ಒಡೆದರೂ ಕತ್ತಿಯಂಥ ಚೂರಾಗದೆ ಮೊಂಡು ಕಾಳುಗಳಾಗುತ್ತದೆ. ಆದರೂ ಮಕ್ಕಳ ಮೇಲೆ ಬೀಳಬಾರದು ಎನ್ನುವವರು ಹೊರಮೈಗೆ ಪಾರದರ್ಶಕ ಸೇಫ್ಟಿ ಫಿಲ್ಮ್ ಅಂಟಿಸಲಿ, ಕಾಳುಗಳು ಅದಕ್ಕೇ ಕಚ್ಚಿಕೊಂಡು ನಿಲ್ಲುತ್ತವೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 76 ವರ್ಷ, ಮಂಡಿ ನೋವಿದೆ, ಸ್ಟೂಲ್ ಮೇಲೆ ಕೂತು ಬಕೆಟ್‌ನಲ್ಲಿ ಸ್ನಾನ ಮಾಡುತ್ತಾರೆ. ಅವರ ಬಚ್ಚಲಿಗೆ ಜಾರುವ ಬಾಗಿಲು ಒಳ್ಳೆಯದೋ, ತೆರೆಯುವ ಬಾಗಿಲು ಒಳ್ಳೆಯದೋ?
— ಓದುಗರು, ಗೌರಿಬಿದನೂರು

ಉತ್ತರ: ತಾಯಿ, ಅವರ ಬಚ್ಚಲಿಗೆ ಬಾಗಿಲೇ ಬೇಡ. ಜಾರುವ ಬಾಗಿಲು ಅರ್ಧ ದಾರಿಯನ್ನು ಯಾವಾಗಲೂ ಮುಚ್ಚಿಯೇ ಇರುತ್ತದೆ, ಅದರ ಕೆಳಗಿನ ಹಳಿ ಕಾಲಿಗೆ ತೊಡರುತ್ತದೆ. ತೆರೆಯುವ ಬಾಗಿಲಾದರೆ ಎದ್ದು ನಿಲ್ಲುವಾಗ ಅವರ ಕೈ ತಾನಾಗಿ ಗಾಜಿನ ಹಿಡಿಕೆಗೆ ಹೋಗುತ್ತದೆ, ಆ ಹಿಡಿಕೆ ಮನುಷ್ಯರ ಭಾರ ಹೊರಲು ಮಾಡಿದ್ದಲ್ಲ. ಬಕೆಟ್ ಸ್ನಾನದಲ್ಲಿ ನೀರು ಎತ್ತರಕ್ಕೆ ಚಿಮ್ಮುವುದೂ ಇಲ್ಲ. ಕಮೋಡಿನ ಕಡೆಗೆ ನೀರು ಹಾರದಂತೆ ಮೂರಡಿ ಅಗಲದ ಅಲುಗದ ಗಾಜೊಂದನ್ನು, ಮೇಲೆ ಅಡ್ಡಸರಳು ಕೊಟ್ಟು ನಿಲ್ಲಿಸಿ, ಉಳಿದ ಜಾಗವನ್ನು ಗಾಲಿಕುರ್ಚಿ ಹೋಗುವಷ್ಟು ಅಗಲವಾಗಿ ತೆರೆದೇ ಬಿಡಿ. ಹೊಸ್ತಿಲು ಹಾಕಿಸಬೇಡಿ, ವಾಟದಲ್ಲೇ ನೀರನ್ನು ನಿಭಾಯಿಸಿ. ಗಾಜಿನ ಅಂಚು ಅವರ ಕಣ್ಣಿಗೆ ಬೀಳುವಂತೆ ಎದೆಮಟ್ಟದಲ್ಲಿ ಮಬ್ಬು ಪಟ್ಟಿ ಅಂಟಿಸಿ. ಸ್ಟೂಲಿನ ಪಕ್ಕದ ಗೋಡೆಗೆ, ಟೈಲ್ಸ್‌ಗಲ್ಲ, ಇಟ್ಟಿಗೆಯ ಒಳಗೆ ಇಳಿಯುವ ಆಂಕರ್ ಬೋಲ್ಟ್ ಹಾಕಿ 304 ಸ್ಟೀಲಿನ ಹಿಡಿಸರಳನ್ನು, ಅತ್ತೆಯವರನ್ನು ಸ್ಟೂಲಿನ ಮೇಲೆ ಕೂರಿಸಿ ಅವರ ಕೈ ಎಟುಕುವ ಎತ್ತರವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು, ಅಲ್ಲಿಯೇ ಕೂರಿಸಿ.